ಬೆಳಗಾಗುವ ಮುಂಚಿನ ಹಳದಿ

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಈಗಷ್ಟೇ ನೆಲ ಒರೆಸಿದ ಫಿನಾಯಿಲ್ ವಾಸನೆ. ವಾರ್ಡಿನ ಬಾಗಿಲ ಎದುರಿನ ಗೋಡೆಯ ಮೇಲೆ ಒಂದು ದೊಡ್ಡ ಪರದೆ, ಅದನ್ನೇ ನೋಡುತ್ತ ಒಬ್ಬ ಹೆಂಗಸು ನಿಂತಿದ್ದಾರೆ. ನಿಂತಿದ್ದಾರೆ ಎಂದರೆ ಸುಳ್ಳಾದೀತು. ಹಿಂದೆ ಹೋಗುತ್ತಾರೆ, ಮುಂದೆ ಬರುತ್ತಾರೆ, ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತಾರೆ, ಹಾಕಿಕೊಂಡು ಒಂದು ಕಣ್ಣು ಮುಚ್ಚುತ್ತಾರೆ, ಮತ್ತೆ ಹಿಂದೆ ಹೋಗುತ್ತಾರೆ. ತಳ್ಳುಗಾಡಿಯಲ್ಲಿ ಬಕೆಟ್ಟು ಇಟ್ಟುಕೊಂಡು ಬಂದ ಆಯಾ, "ಯಾರನ್ನ ನೋಡೋಕೆ ಬಂದಿದೀರಮ್ಮಾ?" ಎಂದು ಕೇಳಿದರೆ, "ಹಳದೀನ" ಎನ್ನುತ್ತಾರೆ. ಆಯಾ ಅವರನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಇನ್ನೊಂದು ಮಾತಾಡದೆ ಗಾಡಿ ತಿರುಗಿಸಿಕೊಂಡು ಹೋಗುತ್ತಾಳೆ.

ಆಫೀಸಿನಲ್ಲಿ ಇವರನ್ನು ಕರೆಯುವುದು ಬಣ್ಣದಕ್ಕ ಎಂದು. ಬಣ್ಣ ಬಳಿಯುವವರಲ್ಲ, ಚಿತ್ರ ಬರೆಯುವವರೂ ಅಲ್ಲ. ಆಸ್ಪತ್ರೆಗಳ ಗೋಡೆಗೆ ಇಂಥ ಪರದೆಗಳನ್ನು ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ, ಯಾವ ಸೂಚನೆಗೆ ಯಾವ ಬಣ್ಣ ಎಂದು ಬರೆದಿಡುವುದು ಅವರ ಕೆಲಸ. ಹೊರಗಿನ ತಜ್ಞರ ಮಂಡಳಿಯೊಂದು ಬಣ್ಣಗಳ ಬಗ್ಗೆ ದಪ್ಪನೆಯ ಮಾರ್ಗಸೂಚಿ ಹೊರಡಿಸುತ್ತದೆ. ಅದು ಲೋಕದ ಎಲ್ಲ ಪರದೆಗಳಿಗೂ ಸೇರಿಸಿ ಬರೆದದ್ದು. ಅದರಲ್ಲಿ ತಮಗೆ ಬೇಕಾದ್ದನ್ನು ಆರಿಸಿ, ತಮ್ಮ ಪರದೆಗೆ ಒಗ್ಗಿಸಿ, ಟೀಮಿನವರು 'ಡಿಸೈನ್ ಸಿಸ್ಟಮ್' ಎಂದು ಕರೆಯುವ ಒಳಗಿನ ಕೈಪಿಡಿಯಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬರೆಯಬೇಕು. ಕೋಡ್ ಬರೆಯುವವರು ಆ ಪುಟ ನೋಡಿಕೊಂಡು ಪರದೆಗೆ ಬಣ್ಣ ತುಂಬುತ್ತಾರೆ. ಆ ಪುಟ ಬರೆದದ್ದು ಯಾರು ಎಂದು ಇಂದಿನವರೆಗೆ ಯಾರೂ ಕೇಳಿದ್ದಿಲ್ಲ.

ಈಗ ಅವರನ್ನು ಮುಂಜಾನೆಯ ನಿದ್ದೆಯಿಂದ ಎಬ್ಬಿಸಿ ಇಲ್ಲಿಗೆ ಓಡಿಸಿಕೊಂಡು ಬಂದಿರುವುದು ಕಳೆದ ವಾರದ ಒಂದು ದೂರು. ಪರದೆಯ ಮೇಲೆ ಪ್ರತಿ ಹಾಸಿಗೆಗೂ ಒಂದು ಚೌಕ. ಡ್ರಿಪ್ ಸರಿಯಾಗಿ ಹೋಗುತ್ತಿದ್ದರೆ ಚೌಕ ಬೂದು. ಮುಗಿಯುತ್ತಾ ಬಂದರೆ ಹಳದಿ, ಒಳಗೊಂದು ತ್ರಿಕೋನ. ಪೂರಾ ಮುಗಿದರೆ ಕೆಂಪು, ಜೊತೆಗೆ ಬೀಪ್ ಸದ್ದು. ಹಳದಿ ಬಂದ ಕೂಡಲೇ ಸಿಸ್ಟರ್ ಹೋಗಿ ಮುಂದಿನ ಔಷಧಿಯ ಚೀಲ ಸಿದ್ಧ ಮಾಡಿಕೊಳ್ಳಬೇಕು. ಕೆಲವು ಔಷಧಿಗಳನ್ನು ಬೆರೆಸಿ ತರುವುದಕ್ಕೇ ಹೊತ್ತು ಹಿಡಿಯುತ್ತದೆ. ಆವತ್ತು ರಾತ್ರಿ ಪಾಳಿಯ ಸಿಸ್ಟರ್‌ಗೆ ಹಳದಿ ಕಾಣಲೇ ಇಲ್ಲ. ಕೆಂಪು ಬಂದು ಬೀಪ್ ಕೂಗಿದಾಗ ಚೀಲ ಸಿದ್ಧವಿರಲಿಲ್ಲ. ಮಲಗಿದ್ದ ಹಿರಿಯರ ರಕ್ತದೊತ್ತಡ ಇಳಿದುಹೋಯಿತು, ಡಾಕ್ಟರು ಓಡಿಬಂದರು. ಹಿರಿಯರು ಉಳಿದುಕೊಂಡರು, ಈಗ ಮನೆಯಲ್ಲಿದ್ದಾರೆ. ಸಿಸ್ಟರ್ ಮಾತ್ರ ವಾರ್ಡಿನಿಂದ ಎತ್ತಂಗಡಿಯಾಗಿ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದಾರೆ. ಶುಕ್ರವಾರ ಅವರ ವಿಚಾರಣೆ. ತಪ್ಪು ಅವರದೇ ಎಂದಾದರೆ ಮತ್ತೆ ರೋಗಿಗಳ ಹತ್ತಿರ ಹೋಗುವ ಕೆಲಸ ಅವರಿಗೆ ಸಿಗುವುದಿಲ್ಲ.

ದೂರು ಕಂಪನಿಗೂ ಬಂತು. ಟೀಮಿನವರು ಕಂಪ್ಯೂಟರ್ ತೆಗೆದು ನೋಡಿದರು. ಹಳದಿಯ ಸೂಚನೆ ಸರಿಯಾದ ಹೊತ್ತಿಗೇ ಪರದೆಗೆ ಹೋಗಿದೆ. 'ಬಳಸಿದವರ ತಪ್ಪು' ಎಂದು ಬರೆದು ದೂರು ಮುಚ್ಚಿದರು. ಆದರೆ ದೂರಿನ ತಳದಲ್ಲಿ ಸಿಸ್ಟರ್ ಹೇಳಿದ ಮಾತೊಂದು ಇತ್ತು: "ಹಳದಿ ಇರಲಿಲ್ಲ, ಏನೋ ಮಣ್ಣಿನ ಬಣ್ಣದ್ದು ಇದ್ದ ಹಾಗಿತ್ತು." ಬಣ್ಣದಕ್ಕನ ತಲೆಗೆ ಹುಳ ಬಿಟ್ಟದ್ದು ಅದೇ.

"ಸುಳ್ಳು ಹೇಳೋರು 'ಏನೂ ಇರಲಿಲ್ಲ' ಅಂತಾರೆ. ಮಣ್ಣಿನ ಬಣ್ಣ ಅಂತ ಯಾರು ಹೇಳ್ತಾರೆ ಹೇಳಿ? ಕಂಡಿದ್ದಕ್ಕೇ ಹೇಳಿದಾರೆ," ಎನ್ನುತ್ತಾ ಅವರು ಮತ್ತೆ ಕನ್ನಡಕ ಒರೆಸುತ್ತಾರೆ. ಅದು ಆಗಲೇ ಕನ್ನಡಿಯಷ್ಟು ಸ್ವಚ್ಛವಾಗಿದೆ.

ವಾರ್ಡಿನ ಒಳಗಿಂದ ಹೆಡ್ ಸಿಸ್ಟರ್ ಬರುತ್ತಾರೆ. ನಿವೃತ್ತಿಗೆ ಹತ್ತಿರವಾದವರು, ಗಂಟಲು ಮಾತ್ರ ಇನ್ನೂ ಹರೆಯದ್ದು. "ಬಾಗಿಲ ಪಕ್ಕದ ಹಾಸಿಗೆದು ಮುಗೀತಾ ಬಂತು ನೋಡಿ. ಈಗ ಬರಬೇಕು ನಿಮ್ಮ ಹಳದಿ," ಎನ್ನುತ್ತಾರೆ. ಮುಂದಿನ ಚೀಲ ಅವರ ಕೈಯಲ್ಲೇ ಇದೆ. ದೂರು ಬಂದಾಗಿನಿಂದ ಅವರು ಪರದೆಯನ್ನು ನಂಬುವುದು ಬಿಟ್ಟು, ಹಾಸಿಗೆಯಿಂದ ಹಾಸಿಗೆಗೆ ಟಾರ್ಚ್ ಹಿಡಿದು ಚೀಲಗಳನ್ನೇ ನೋಡಿಸುತ್ತಿದ್ದಾರೆ. ಇಬ್ಬರೂ ಪರದೆಗೆ ಮುಖ ಮಾಡಿ ನಿಲ್ಲುತ್ತಾರೆ. ರಾತ್ರಿ ರೋಗಿಗಳ ನಿದ್ದೆ ಕೆಡಬಾರದೆಂದು ಪರದೆಯ ಮೈ ಕಪ್ಪಗಿದೆ. ಅದರ ಮೇಲೆ ಬೂದು ಚೌಕಗಳು ಮಂದವಾಗಿ ಬೆಳಗುತ್ತಿವೆ.

"ಬಂತಾ?"

"ನನಗೆ ಕಾಣ್ತಿಲ್ಲ," ಎನ್ನುತ್ತಾರೆ ಬಣ್ಣದಕ್ಕ.

"ಮೊದಲನೇ ಚೌಕ. ಅದು ಬೂದು ಇಲ್ಲ ಈಗ. ಆರಿಹೋದ ಹಾಗಿದೆ, ನೋಡಿ."

ಬಣ್ಣದಕ್ಕ ಗೋಡೆಯ ಹತ್ತಿರಕ್ಕೇ ಹೋಗಿ ಮೂಗು ತಾಗುವಷ್ಟು ಬಗ್ಗುತ್ತಾರೆ. ಕಪ್ಪಿನ ಮೇಲೆ ಒಂದು ಕಂದು ಚೌಕ. ಒಳಗಿನ ತ್ರಿಕೋನವೂ ಅದೇ ಕಂದು. ಎರಡು ಹೆಜ್ಜೆ ಹಿಂದೆ ಬಂದರೆ ಅಲ್ಲಿ ಏನೂ ಇಲ್ಲ. ಫೋನು ತೆಗೆದು ಫೋಟೋ ಹೊಡೆಯುತ್ತಾರೆ. ಫೋಟೋದಲ್ಲಿ ಹಳದಿ ಚೆನ್ನಾಗಿ ಕಾಣುತ್ತದೆ! ಕತ್ತಲಾದರೆ ಫೋನಿನ ಕ್ಯಾಮೆರಾ ತಾನಾಗಿಯೇ ಬೆಳಕು ಏರಿಸಿಕೊಳ್ಳುತ್ತದಲ್ಲ, ಮಣ್ಣಿನ ಬಣ್ಣವನ್ನೂ ಬೆಳಗಿಸಿಬಿಟ್ಟಿದೆ. ಇನ್ನೊಂದು ಹೊಡೆಯುತ್ತಾರೆ, ಮತ್ತೊಂದು. ಎಲ್ಲದರಲ್ಲೂ ಅಚ್ಚುಕಟ್ಟಾದ ಹಳದಿ. ಅಷ್ಟರಲ್ಲಿ ಬೆಳಗಿನ ಹೊತ್ತಾಯಿತೆಂದು ಪರದೆ ತಾನೇ ಮಗ್ಗುಲು ಬದಲಿಸುತ್ತದೆ. ಕಪ್ಪು ಹೋಗಿ ಬಿಳಿ ಬರುತ್ತದೆ. ಆ ಬಿಳಿಯ ಮೇಲೆ, ಬಾಗಿಲ ಪಕ್ಕದ ಹಾಸಿಗೆಯ ಚೌಕ ದಟ್ಟ ಹಳದಿಯಾಗಿ ಕಣ್ಣಿಗೆ ರಾಚುತ್ತದೆ.

"ಆವತ್ತೂ ಹೀಗೇ," ಎಂದು ಹೆಡ್ ಸಿಸ್ಟರ್ ಚೀಲ ಹಿಡಿದು ಒಳಗೆ ಹೊರಡುತ್ತಾರೆ. "ಮೇಲಿನವರು ಬರೋ ಹೊತ್ತಿಗೆ ಬೆಳಗಾಗಿತ್ತು. 'ಇಷ್ಟು ಹೊಳೀತಿದೆ, ಕಾಣಲಿಲ್ಲ ಅಂತೀಯಲ್ಲಮ್ಮ, ಕಣ್ಣು ಎಲ್ಲಿಟ್ಟಿದ್ದೆ?' ಅಂತ ಬೈದ್ರು. ಪಾಪ, ಆ ಹುಡುಗಿಗೂ ತನ್ನ ಕಣ್ಣಿನ ಮೇಲೇ ಅನುಮಾನ ಬಂದುಬಿಡ್ತು."

ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಕಿಟಕಿಯಿಲ್ಲ. ರಾತ್ರಿ ಪಾಳಿಯ ಸಿಸ್ಟರ್ ಒಗೆದು ಬಂದ ಚಾದರಗಳನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದಾರೆ. ಬಾಗಿಲಲ್ಲಿ ನಿಂತ ಅಪರಿಚಿತರನ್ನು ಕಂಡು ಅವರ ಮುಖ ಗಂಟಿಕ್ಕುತ್ತದೆ. "ನೀವೂ ನನ್ನ ಕಣ್ಣು ಪರೀಕ್ಷೆ ಮಾಡೋಕೆ ಬಂದ್ರಾ? ಆಗಲೇ ಮಾಡಿಸಾಯ್ತು. ಏನೂ ತೊಂದರೆ ಇಲ್ವಂತೆ. ಕಣ್ಣು ಸರಿ ಇದೆ ಅಂದ್ರೆ ನಾನು ನಿದ್ದೆ ಮಾಡ್ತಿದ್ದೆ ಅಂತ ಅರ್ಥ ಅಂತೆ."

"ನೀವು ನಿದ್ದೆ ಮಾಡ್ತಿರಲಿಲ್ಲ. ಅದು ಮಣ್ಣಿನ ಬಣ್ಣವೇ. ನಾನೂ ಈಗ ನೋಡಿಬಂದೆ," ಎನ್ನುತ್ತಾರೆ ಬಣ್ಣದಕ್ಕ. ಆಮೇಲೆ, "ಆ ಬಣ್ಣದ ಪುಟ ಬರೆದಿದ್ದು ನಾನು," ಎಂದು ಸೇರಿಸುತ್ತಾರೆ.

ಸಿಸ್ಟರ್ ಕೈಯಲ್ಲಿದ್ದ ಚಾದರ ಅರ್ಧ ಮಡಿಕೆಯಲ್ಲೇ ನಿಲ್ಲುತ್ತದೆ. ಬೈದಿದ್ದರೆ ಬಣ್ಣದಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯುವುದಿಲ್ಲ. "ಶುಕ್ರವಾರ ಇದನ್ನ ಅಲ್ಲಿ ಹೇಳ್ತೀರಾ?" ಎಂದು ಮಾತ್ರ ಕೇಳುತ್ತಾರೆ. "ಹೇಳಿಸ್ತೀನಿ" ಎಂದುಬಿಡುತ್ತಾರೆ ಬಣ್ಣದಕ್ಕ. ಹೇಗೆ ಎಂದು ಅವರಿಗೂ ಗೊತ್ತಿಲ್ಲ.

ಬಣ್ಣದಕ್ಕ ಈ ಕೆಲಸಕ್ಕೆ ಬಂದದ್ದು ಆಸೆಪಟ್ಟು ಅಲ್ಲ. ಮೊದಲು ಅವರಿದ್ದದ್ದು ಒಂದು ಮುದ್ರಣಾಲಯದಲ್ಲಿ. ಬಿಸ್ಕತ್ತಿನ ಹೊದಿಕೆ, ಕ್ಯಾಲೆಂಡರು, ಸೋಪಿನ ಡಬ್ಬಿ, ಇವುಗಳ ಮೇಲೆ ಒಂದರ ಮೇಲೊಂದು ಬೀಳುವ ಶಾಯಿಗಳು ಜಾಗ ತಪ್ಪಿಲ್ಲವೇ ಎಂದು ಭೂತಗನ್ನಡಿ ಹಿಡಿದು ನೋಡುವ ಕೆಲಸ. ಮುದ್ರಣಾಲಯ ಮುಚ್ಚಿದ ಮೇಲೆ ಈ ಕಂಪನಿಯಲ್ಲಿ ಕೈಪಿಡಿಗಳನ್ನು ಟೈಪು ಮಾಡಲು ಸೇರಿಕೊಂಡರು. ಟೀಮಿನಲ್ಲಿ ಎಲ್ಲರಿಗೂ ಹೊಸ ಪರದೆ ಮಾಡುವ ಉತ್ಸಾಹ, ಅದರ ಬಗ್ಗೆ ಬರೆದಿಡು ಎಂದರೆ ಎಲ್ಲರಿಗೂ ಹೊಟ್ಟೆನೋವು. ಬಣ್ಣದ ಪುಟ ಮೇಜಿನಿಂದ ಮೇಜಿಗೆ ಉರುಳಿಕೊಂಡು ಬಂದು, ಕೊನೆಗೆ ಬಾಗಿಲ ಪಕ್ಕದ ಇವರ ಮೇಜಿನ ಮೇಲೆ ನಿಂತಿತು.

ಆ ಮೇಜಿನ ಮೇಲೆ ಎರಡು ಪರದೆಗಳಿವೆ. ಒಂದು ಕಂಪನಿ ಕೊಟ್ಟ ಹೊಸದು. ಇನ್ನೊಂದು, ಮುಚ್ಚಿಹೋಗುತ್ತಿದ್ದ ಅಂಗಡಿಯೊಂದರಿಂದ ಹೊತ್ತು ತಂದ ಗೀರುಬಿದ್ದ ಹಳೆಯದು, ಅದರ ಹೆಸರು 'ಮುದುಕ'. ಹೊಸದರಲ್ಲಿ ಚೆಂದ ಕಂಡ ಬಣ್ಣವನ್ನೆಲ್ಲ ಮುದುಕನಿಗೂ ತೋರಿಸದೆ ಅವರು ಪುಟಕ್ಕೆ ಹಾಕುವುದಿಲ್ಲ. "ಆಸ್ಪತ್ರೇಲಿ ಇರೋದು ಮುದುಕರೇ, ಪರದೆನೂ ಸೇರಿ," ಎನ್ನುತ್ತಾರೆ. ಟೀಮಿನ ಎಳೆಯರು ಮುದುಕನಿಗೆ ಹುಟ್ಟುಹಬ್ಬದ ಟೋಪಿ ತೊಡಿಸಿ ನಗುತ್ತಾರೆ. ಟೋಪಿ ಇನ್ನೂ ಅಲ್ಲೇ ಇದೆ.

ಅವರ ಪುಟಗಳಿಗೆ ಒಂದು ರೀತಿಯಿದೆ, ಅದು ಅವರದೇ. ಪ್ರತಿ ಬಣ್ಣಕ್ಕೂ ಮೂರು ಕಂಡಿ, ಅಂದರೆ ಕಾಲಮ್ಮು: ಅವರು ಹೇಳೋದು, ನಾವು ಮಾಡೋದು, ಯಾಕೆ. ಹೊರಗಿನ ಮಾರ್ಗಸೂಚಿ ಹೇಳುವುದು ಮೊದಲ ಕಂಡಿ. ತಮ್ಮ ಪರದೆಗೆ ಒಗ್ಗಿಸಿದ್ದು ಎರಡನೆಯದು. ಮೂರನೆಯದನ್ನು ಬರೆಯಿರಿ ಎಂದು ಯಾರೂ ಹೇಳಿದ್ದಲ್ಲ. ಅದು ಬಂದದ್ದು ಮನೆಯಿಂದ, ಅತ್ತೆಯ ಕಣ್ಣಿನಿಂದ. ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದು ಬಾಕಿ. ಬಲಗಣ್ಣಿನಲ್ಲಿ ನೋಡಿದರೆ ಗೋಡೆ ಬಿಳಿ, ಎಡಗಣ್ಣಿನಲ್ಲಿ ನೋಡಿದರೆ ಚಹಾ ಚೆಲ್ಲಿದ ಬಣ್ಣ. ಮಂಡಳಿಯ ಪ್ರಕಾರ ನೀಲಿ ಮತ್ತು ಹಸಿರು ಬೇರೆ ಬೇರೆ. ಅತ್ತೆಯ ಎಡಗಣ್ಣು ಒಪ್ಪುವುದಿಲ್ಲ. ಹಾಗಾಗಿ ಟೀಮಿನ ಪರದೆಗಳಲ್ಲಿ ನೀಲಿ ಹಸಿರು ಅಕ್ಕಪಕ್ಕ ಬರುವುದಿಲ್ಲ. ಯಾಕೆ ಎಂಬಲ್ಲಿ, ವಯಸ್ಸಾದ ಕಣ್ಣಿಗೆ ಇವೆರಡೂ ಒಂದೇ ಆಗಬಹುದು ಎಂದು ಬರೆದಿದೆ. "ನನ್ನ ಹೆಸರು ಹಾಕಿದೀಯೇನೇ ಅದರಲ್ಲಿ?" ಎಂದು ಅತ್ತೆ ಕೇಳುತ್ತಲೇ ಇರುತ್ತಾರೆ. ಹಾಕಿಲ್ಲವೆಂದರೆ, "ಕಣ್ಣು ಮಾತ್ರ ನಂದು ಬೇಕು" ಎಂದು ಮುಖ ಊದಿಸುತ್ತಾರೆ.

ಇಷ್ಟೆಲ್ಲ ಎಚ್ಚರ ಇಟ್ಟುಕೊಂಡವರೇ ಎಡವಿದ್ದಾರೆ. ಆಸ್ಪತ್ರೆಯಿಂದ ನೇರವಾಗಿ ಆಫೀಸಿಗೆ ಬಂದು, ಕೈಚೀಲ ಕೂಡ ಇಳಿಸದೆ ಹಳದಿಯ ಪುಟ ತೆರೆಯುತ್ತಾರೆ. ಪುಟದಲ್ಲಿ ಎಲ್ಲ ಸರಿಯಿದೆ. ರಾತ್ರಿಯ ಪರದೆಯ ಚಿತ್ರ ಬರೆದು ಹಾಕಿದ್ದಾರೆ, ಅದರಲ್ಲಿ ಹಳದಿ ತಿಳಿಯಾಗಿ ಬೆಳಗುತ್ತಿದೆ. ಮುದುಕನ ಮೇಲೂ ಬೆಳಗುತ್ತದೆ. ಅವರು ಎದ್ದು ಕಿಟಕಿಯವರೆಗೆ ಹೋಗುತ್ತಾರೆ, ಬರುತ್ತಾರೆ. ನೀರು ತರಲು ಹೋಗಿ ಖಾಲಿ ಲೋಟ ಹಿಡಿದು ವಾಪಸ್ಸು ಬರುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಮೇಜು ಸುತ್ತುತ್ತಿರುವಾಗಲೇ ಹೊಳೆಯುತ್ತದೆ. ಆ ಚಿತ್ರಕ್ಕೆ ಬಣ್ಣ ತುಂಬಿದ್ದು ತಾವೇ, ಕೈಯಾರೆ, ಮಂಡಳಿಯ ಮಾರ್ಗಸೂಚಿ ನೋಡಿಕೊಂಡು. ಅದು ಪರದೆಗೆ ಬಣ್ಣ ಕಳಿಸುವ ಯಂತ್ರದೊಳಗೆ ಹಾಯ್ದು ಬಂದದ್ದೇ ಅಲ್ಲ.

ತಪ್ಪು ಇಷ್ಟೇ. ಬಣ್ಣದ ಛಾಯೆಗಳಿಗೆ ಸಂಖ್ಯೆಗಳಿವೆ, ಸಣ್ಣ ಸಂಖ್ಯೆ ತಿಳಿ, ದೊಡ್ಡ ಸಂಖ್ಯೆ ಗಾಢ. ಹಗಲಿನ ಬಿಳಿ ಪರದೆಗೆ ಗಾಢ ಹಳದಿ ಬೇಕು, ರಾತ್ರಿಯ ಕಪ್ಪು ಪರದೆಗೆ ತಿಳಿ ಹಳದಿ. ಈ ಟೀಮಿನ ಯಂತ್ರ ರಾತ್ರಿಯಾದ ಕೂಡಲೇ ಸಂಖ್ಯೆಯನ್ನು ತಾನೇ ತಿರುವುಮುರುವು ಮಾಡಿಕೊಳ್ಳುತ್ತದೆ, ಗಾಢವಾದದ್ದನ್ನು ತಿಳಿ ಮಾಡುತ್ತದೆ. ಅದಕ್ಕೆ ಹಗಲಿನ ಸಂಖ್ಯೆಯೊಂದನ್ನೇ ಕೊಟ್ಟರೆ ಸಾಕು. ಆದರೆ ಹೊರಗಿನ ಮಂಡಳಿ ಈ ಸಲ ಕಿತ್ತಳೆ ಬೇಡ, ಅದು ಕೆಂಪಿನ ಹಾಗೆ ಕಾಣುತ್ತದೆ, ಎಚ್ಚರಿಕೆಗೆ ಹಳದಿ ಹಾಕಿ ಎಂದು ಹೊಸದಾಗಿ ಹೇಳಿತು. ಹಗಲಿಗೊಂದು, ರಾತ್ರಿಗೊಂದು ಎಂದು ಎರಡು ಸಂಖ್ಯೆಗಳನ್ನೂ ಕೊಟ್ಟಿತು. ಬಣ್ಣದಕ್ಕ ಎರಡನ್ನೂ ಪುಟಕ್ಕೆ ಇಳಿಸಿದರು. ಕೋಡ್ ಬರೆಯುವವರು ಎರಡನ್ನೂ ತುಂಬಿದರು. ರಾತ್ರಿಯಾಯಿತು, ಯಂತ್ರ ತನ್ನ ಅಭ್ಯಾಸದಂತೆ ಆ ರಾತ್ರಿಯ ತಿಳಿ ಹಳದಿಯನ್ನೂ ತಿರುಗಿಸಿ ಗಾಢ ಮಾಡಿಬಿಟ್ಟಿತು. ಕಪ್ಪಿನ ಮೇಲೆ ಗಾಢ ಹಳದಿ ಎಂದರೆ ಮಣ್ಣೇ.

ಮನೆಯಲ್ಲಿ ಇದನ್ನು ಅತ್ತೆಗೆ ಅರ್ಥ ಮಾಡಿಸಿದ್ದು ಹೀಗೆ: "ಅಂಗಿ ಒಗೆಯೋಕೆ ಹಾಕೋವಾಗ ಒಳಮಗ್ಗುಲು ಹೊರಗೆ ಮಾಡ್ತೀವಲ್ಲ ಅತ್ತೆ, ಮಂಡಳಿಯವರು ಮೊದಲೇ ತಿರುಗಿಸಿಟ್ಟಿದ್ರು. ನಾನು ಹಾಗೇ ಹಾಕಿದೆ. ಮೆಷಿನ್ನು ಇನ್ನೊಂದ್ಸಲ ತಿರುಗಿಸ್ತು." ಅತ್ತೆ ತಲೆಯಾಡಿಸಿ, "ಹಾಗಾದ್ರೆ ಬೈಸ್ಕೊಂಡೋಳು ಅಂಗಿ ಹಾಕ್ಕೊಂಡೋಳು," ಎಂದರಂತೆ. ಆವತ್ತು ಬಣ್ಣದಕ್ಕನಿಗೆ ಊಟ ಸೇರಲಿಲ್ಲ.

ಗಂಡ ಲಿಫ್ಟ್ ರಿಪೇರಿ ಮಾಡುವವರು. ಉಗುರಿನ ಸಂದಿಯ ಗ್ರೀಸು ಭಾನುವಾರವೂ ಹೋಗುವುದಿಲ್ಲ. ಹೆಂಡತಿಯ ತಳಮಳ ನೋಡಿ ಅವರಿಗೆ ಆಶ್ಚರ್ಯವೇನೂ ಇಲ್ಲ. "ನಮ್ಮಲ್ಲೂ ಹಾಗೇ ಕಣ್ರೀ," ಎನ್ನುತ್ತಾರೆ ಕೇಳಿದವರಿಗೆ. "ಲಿಫ್ಟ್ ನಡುವೆ ಸಿಕ್ಕಿಹಾಕ್ಕೊಂಡ್ರೆ ಮೊದಲು ಬೈಯೋದು ಕಡೇಲಿ ಗುಂಡಿ ಒತ್ತಿದೋರನ್ನ. ಮೇಲೆ ಮೋಟಾರ್ ಕೋಣೇಲಿ ಏನಾಯ್ತು ಅಂತ ನೋಡೋಕೆ ಯಾರು ಏಣಿ ಹತ್ತುತಾರೆ? ಇವಳು ಹತ್ತಿದಾಳೆ. ಇನ್ನು ಇಳಿಯೋವರೆಗೂ ನಮಗೆ ನಿದ್ದೆ ಇಲ್ಲ."

ತಪ್ಪು ಸಿಕ್ಕಿದ ಬುಧವಾರವೇ ಬಣ್ಣದಕ್ಕ ಟೀಮ್ ಲೀಡ್ ಎದುರು ನಿಲ್ಲುತ್ತಾರೆ. ಲೀಡ್ ಕೆಟ್ಟವರಲ್ಲ, ಸದಾ ಅವಸರದವರು, ಮಾತಾಡುವಾಗಲೂ ಒಂದು ಕಣ್ಣು ಗಡಿಯಾರದ ಮೇಲೆ. ವಿಷಯ ಕೇಳಿ ಅವರ ಎರಡು ಕಣ್ಣೂ ಇತ್ತ ತಿರುಗುತ್ತವೆ. "ಇವತ್ತೇ ಸರಿ ಮಾಡಿಸೋಣ. ಎಲ್ಲ ಆಸ್ಪತ್ರೆಗೂ ಇವತ್ತೇ ಹೋಗಲಿ," ಎನ್ನುತ್ತಾರೆ ತಕ್ಷಣ. ಅದರಲ್ಲಿ ಎರಡು ಮಾತಿಲ್ಲ. ಇನ್ನೊಂದು ರಾತ್ರಿ ಆ ಮಣ್ಣಿನ ಬಣ್ಣ ಯಾವ ವಾರ್ಡಿನಲ್ಲೂ ಇರಕೂಡದು. ಆದರೆ ಒಂದು ಸಲ ಸರಿಯಾದರೆ ಗೋಡೆಯ ಮೇಲಿನ ಸಾಕ್ಷಿ ಅಳಿಸಿಹೋಗುತ್ತದೆ. ವಿಚಾರಣೆಯವರು ಶುಕ್ರವಾರ ರಾತ್ರಿಯೆಲ್ಲ ಕೂತು ನೋಡಿದರೂ ಅವರಿಗೆ ಕಾಣುವುದು ಚೆಂದದ ಹಳದಿಯೇ. ಫೋಟೋ ಆಗಲೇ ಕೈಕೊಟ್ಟಿದೆ. ಹೆಡ್ ಸಿಸ್ಟರ್ ಕಣ್ಣಾರೆ ಕಂಡಿದ್ದಾರೆ, ನಿಜ. "ನಾನು ಹೇಳಿದ್ರೆ, ತಮ್ಮೋರನ್ನ ತಾವೇ ಕಾಪಾಡ್ಕೋತಾರೆ ಅಂತಾರೆ," ಎಂದು ಅವರೇ ಹೇಳಿಬಿಟ್ಟಿದ್ದಾರೆ. ಉಳಿದದ್ದು ಆ ಪುಟ ಒಂದೇ, ಅದರ ಮೂರನೇ ಕಂಡಿ.

"ಅಲ್ಲಿ ಕಾರಣ ಬರೆಯೋದು ಬೇಡ," ಎನ್ನುತ್ತಾರೆ ಲೀಡ್. "ಸಂಖ್ಯೆ ತೆಗೆದುಹಾಕಿ, ಸಾಕು. ಇದು ಒಳಗಿನ ಪುಟ ಅಂತ ಗೊತ್ತು. ಆದ್ರೂ ಬರಹದಲ್ಲಿ ಇಟ್ಕೊಂಡ್ರೆ ನಾಳೆ ಕುತ್ತಿಗೆಗೆ ಬರುತ್ತೆ."

ಬಣ್ಣದಕ್ಕ ದನಿ ಏರಿಸಿ ಮಾತಾಡಿದ್ದನ್ನು ಆಫೀಸು ಅಲ್ಲಿಯವರೆಗೆ ಕೇಳಿರಲಿಲ್ಲ. "ಯಾಕೆ ಅಂತ ಬರೀದೆ ಬರೀ ಸಂಖ್ಯೆ ತೆಗೆದ್ರೆ ಏನಾಗುತ್ತೆ ಗೊತ್ತಾ ಸರ್? ನಾಳೆ ನನ್ನ ಜಾಗಕ್ಕೆ ಇನ್ನೊಬ್ರು ಬರ್ತಾರೆ. ಮಂಡಳಿ ಪುಸ್ತಕ ತೆಗೀತಾರೆ. 'ಅಯ್ಯೋ, ಇಲ್ಲಿ ರಾತ್ರಿ ಸಂಖ್ಯೆ ಬಿಟ್ಟುಹೋಗಿದೆ' ಅಂತ ಪಾಪ, ಒಳ್ಳೆ ಮನಸ್ಸಿಂದಾನೇ ತುಂಬಿಸ್ತಾರೆ. ಮತ್ತೆ ಮಣ್ಣು. ಮತ್ತೆ ಯಾವಳೋ ಒಬ್ಬ ಸಿಸ್ಟರ್ ನೆಲಮಾಳಿಗೆಗೆ. ಆ ಕಂಡಿ ಇರೋದೇ ಇದಕ್ಕೆ."

ಲೀಡ್ ಗಡಿಯಾರ ನೋಡಿ ಫೋನು ಎತ್ತಿಕೊಳ್ಳುತ್ತಾರೆ. ಬರೆಯಿರಿ ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಬಣ್ಣದಕ್ಕ ಅದನ್ನೇ ಒಪ್ಪಿಗೆ ಎಂದುಕೊಂಡು ಹೋಗಿ ಕೂರುತ್ತಾರೆ. ನಾಲ್ಕು ಸಾಲು ಬರೆಯುವುದಕ್ಕೆ ಇಡೀ ಮಧ್ಯಾಹ್ನ ಬೇಕಾಗುತ್ತದೆ. ಬರೆಯುತ್ತಾರೆ, ಅಳಿಸುತ್ತಾರೆ, ಎದ್ದು ಹೋಗಿ ಮುದುಕನ ಟೋಪಿ ಸರಿಮಾಡಿ ಬರುತ್ತಾರೆ. ಮೊದಲು ಬರೆದದ್ದರಲ್ಲಿ 'ಗೊಂದಲ ಉಂಟಾಗಿರಬಹುದು' ಎಂದಿತ್ತಂತೆ. ಅದನ್ನು ಓದಿ ತಮಗೇ ನಾಚಿಕೆಯಾಯಿತು ಎನ್ನುತ್ತಾರೆ. ಕೊನೆಗೆ ಉಳಿದದ್ದು ಹೀಗೆ: 'ರಾತ್ರಿಯ ಸಂಖ್ಯೆಯನ್ನು ಇಲ್ಲಿ ಎಂದೂ ತುಂಬಬೇಡಿ. ನಮ್ಮ ಯಂತ್ರ ಅದನ್ನು ಮತ್ತೊಮ್ಮೆ ತಿರುಗಿಸುತ್ತದೆ. ಹೀಗೆ ತುಂಬಿದ್ದರಿಂದ ಆಸ್ಪತ್ರೆಯೊಂದರಲ್ಲಿ ರಾತ್ರಿ ಎಚ್ಚರಿಕೆಯ ಹಳದಿ ಕಾಣದಂತಾಯಿತು, ಬೆಳಗಾದ ಮೇಲೆ ಕಂಡಿತು. ಅದು ಪರದೆ ನೋಡಿದ ಸಿಸ್ಟರ್ ತಪ್ಪಲ್ಲ. ಈ ಪುಟ ಬರೆದವರ ತಪ್ಪು.'

ಇನ್ನು ಅದು ಆಫೀಸಿನಿಂದ ಹೊರಗೆ ಹೋಗಬೇಕು. ಒಳಗಿನ ಪುಟ ಹೊರಗೆ ಹೋಗಬೇಕಾದರೆ ಕಂಪನಿಯ ಮೇಲಿನವರ ಒಪ್ಪಿಗೆ ಬೇಕು. ಲೀಡ್ ಮೇಲಿನವರಿಗೆ ಬರೆದು ಕೇಳುತ್ತಾರೆ. ಗುರುವಾರ ಬೆಳಿಗ್ಗೆ ಉತ್ತರವಿಲ್ಲ. ಮಧ್ಯಾಹ್ನ ಉತ್ತರವಿಲ್ಲ. ಬಣ್ಣದಕ್ಕ ಅವತ್ತು ಮಾಡಿದ ಕೆಲಸವೆಂದರೆ ಲೀಡ್ ಕೋಣೆಯ ಮುಂದೆ ಹಾದುಹೋಗುವುದು. ನೀರಿಗೆ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ. ಗಾಜಿನ ಬಾಗಿಲ ಹಿಂದೆ ಲೀಡ್ ಪ್ರತಿಸಲವೂ ಕೈ ಅಲ್ಲಾಡಿಸುತ್ತಾರೆ, ಇಲ್ಲ ಎಂದು. ಸಂಜೆ ಎಲ್ಲರೂ ಚೀಲ ಎತ್ತಿಕೊಳ್ಳುವ ಹೊತ್ತು. ಹೆಡ್ ಸಿಸ್ಟರ್ ಫೋನು ಮಾಡಿ, "ನಾಳೆ ಬೆಳಿಗ್ಗೆನೇ ಕೂರ್ತಾರಂತೆ. ಆ ಹುಡುಗಿ ನಿಮ್ಮ ಮಾತು ನಂಬ್ಕೊಂಡು ಕೂತಿದಾಳೆ," ಎನ್ನುತ್ತಾರೆ. ಬಣ್ಣದಕ್ಕ ಫೋನು ಕೆಳಗಿಡುತ್ತಾರೆ. ಹೇಳಿಸುತ್ತೇನೆ ಎಂದು ಬಾಯಿ ಬಿಟ್ಟು ಹೇಳಿಬಂದಿದ್ದಾರೆ. ಒಪ್ಪಿಗೆ ಬಾರದಿದ್ದರೆ ತಾವೇ ಹೋಗಿ ಬಾಗಿಲಲ್ಲಿ ನಿಂತು ಹೇಳುವುದು, ಕೆಲಸ ಹೋದರೆ ಹೋಗಲಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಮತ್ತೆ ಆ ಗಾಜಿನ ಬಾಗಿಲ ಮುಂದೆ ಹೋಗುತ್ತಾರೆ.

ಈ ಸಲ ಲೀಡ್ ಕೈ ಅಲ್ಲಾಡಿಸುವುದಿಲ್ಲ, ಒಳಗೆ ಕರೆಯುತ್ತಾರೆ. ಅವರ ಪರದೆಯ ಮೇಲೆ ಅದೇ ಪುಟ. ಕೊನೆಯ ಸಾಲಿನಲ್ಲಿ 'ಈ ಪುಟ ಬರೆದವರ ತಪ್ಪು' ಎಂಬುದನ್ನು ಹೊಡೆದುಹಾಕಿ 'ನಮ್ಮ ಟೀಮಿನ ತಪ್ಪು' ಎಂದು ಮಾಡಿದ್ದಾರೆ. "ಕೋಡ್ ತುಂಬಿದ್ದು ನಾವು. ರಾತ್ರಿ ಹೋಗಿ ನೋಡದೆ ಇದ್ದಿದ್ದು ನಾವು. ದೂರು ಮುಚ್ಚಿದ್ದು ನಾನು. ನೀವೊಬ್ರೇ ಯಾಕೆ ಹೊತ್ಕೋತೀರಿ?" ಎನ್ನುತ್ತಾರೆ. ಮೇಲಿನವರು ಏನೆಂದರು ಎಂದು ಕೇಳಿದರೆ, "ಏನೂ ಅನ್ನಲಿಲ್ಲ. ಕೇಳಿದ್ರೆ ನಾನು ಉತ್ತರ ಕೊಡ್ತೀನಿ," ಎಂದು ಅವರೆದುರೇ ಆಸ್ಪತ್ರೆಗೆ ಕಳುಹಿಸಿಬಿಡುತ್ತಾರೆ. ಕೃತಜ್ಞತೆ ಹೇಳಬೇಕಾದ ಆ ಗಳಿಗೆಯಲ್ಲಿ ಬಣ್ಣದಕ್ಕನ ಬಾಯಿಂದ ಬಂದದ್ದು ಇಷ್ಟು: "ಅಲ್ಲೊಂದು ಪೂರ್ಣವಿರಾಮ ಬಿಟ್ಟಿದೀರಿ ಸರ್."

ಶುಕ್ರವಾರದ ವಿಚಾರಣೆಯಲ್ಲಿ ಆ ನಾಲ್ಕು ಸಾಲನ್ನು ಓದಿದರಂತೆ. ಎರಡು ಸಲ ಓದಿಸಿದರಂತೆ. ಹೆಡ್ ಸಿಸ್ಟರ್ ಫೋನಿನಲ್ಲಿ ಹೇಳಿದ್ದು ಅಷ್ಟೇ. ಸೋಮವಾರದಿಂದ ಸಿಸ್ಟರ್ ಮತ್ತೆ ವಾರ್ಡಿಗೆ ಬರಬೇಕೆಂದು ಆದೇಶವಾಯಿತು. ಸುದ್ದಿ ಕೇಳಿ ಬಣ್ಣದಕ್ಕ ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತರು. ಅದನ್ನು ಅವರು ಮುಚ್ಚಿಡುವುದೂ ಇಲ್ಲ. "ನಗು ಬರಬೇಕಿತ್ತು, ಅಳು ಬಂತು, ಏನ್ ಮಾಡೋಕಾಗುತ್ತೆ," ಎನ್ನುತ್ತಾರೆ.

ಅಲ್ಲಿಗೆ ಮುಗಿಯಿತಲ್ಲ, ಈಗ ನೆಮ್ಮದಿಯೇ ಎಂದರೆ, ಇಲ್ಲ. ಸರಿಯಾದದ್ದನ್ನು ಅವರು ಕಂಡಿರುವುದು ಪುಟದಲ್ಲಿ ಮಾತ್ರ. ಪುಟದ ಚಿತ್ರವನ್ನು ನಂಬಿ ಒಂದು ಸಲ ಬೆಂದವರು ಅವರು. ಆ ಸೋಮವಾರದ ರಾತ್ರಿ ಪಾಳಿ ಮುಗಿಯುವ ಮುಂಚೆ, ಇನ್ನೂ ಕತ್ತಲಿರುವಾಗಲೇ ಮತ್ತೆ ಮೂರನೇ ಮಹಡಿಗೆ ಹತ್ತಿ ಬರುತ್ತಾರೆ. ಜೊತೆಗೆ ಗಂಡ. ಲಿಫ್ಟಿನ ಸದ್ದು ಸರಿಯಿಲ್ಲವೆಂದು ದಾರಿಯುದ್ದಕ್ಕೂ ಗೊಣಗಿಕೊಂಡು ಬಂದಿದ್ದಾರೆ. ತಳ್ಳುಗಾಡಿಯ ಆಯಾ ಗುರುತು ಹಿಡಿಯುತ್ತಾಳೆ. "ಸಿಕ್ತಾ ನಿಮ್ಮ ಹಳದಿ?" ಎಂದು ಕೇಳುತ್ತಾಳೆ. "ನೋಡಬೇಕು" ಎನ್ನುತ್ತಾರೆ ಬಣ್ಣದಕ್ಕ, ಕನ್ನಡಕ ಒರೆಸುತ್ತಾ.

ವರಾಂಡದ ಆ ತುದಿಯ ಮೇಜಿನಲ್ಲಿ ರಾತ್ರಿ ಪಾಳಿಯ ಸಿಸ್ಟರ್ ಏನೋ ಬರೆಯುತ್ತಿದ್ದಾರೆ. ಕಪ್ಪು ಪರದೆಯ ಮೇಲೆ ಬೂದು ಚೌಕಗಳು. ಗಂಡ ಗೋಡೆಗೆ ಒರಗಿ ಆಕಳಿಸುತ್ತಾರೆ. ಬಣ್ಣದಕ್ಕ ಹಿಂದೆ ಹೋಗುತ್ತಾರೆ, ಮುಂದೆ ಬರುತ್ತಾರೆ. ಇನ್ನೇನು ಬೆಳಗಾಗಿ ಪರದೆ ಬಿಳಿಯಾಗಿಬಿಟ್ಟರೆ ಇವತ್ತಿನ ಬರವು ದಂಡ ಎಂದು ಚಡಪಡಿಸುತ್ತಿರುವಾಗ, ನಡುವಿನ ಸಾಲಿನ ಒಂದು ಚೌಕ ತಿಳಿ ಹಳದಿಯಾಗಿ ಬೆಳಗುತ್ತದೆ. ದೀಪ ಹಚ್ಚಿದ ಹಾಗೆ. ಬಣ್ಣದಕ್ಕ ಗಂಡನ ತೋಳು ಹಿಡಿದುಕೊಳ್ಳುತ್ತಾರೆ.

ಅವರು ತಿರುಗಿ ನೋಡುವಷ್ಟರಲ್ಲಿ ಆ ತುದಿಯಲ್ಲಿ ಕುರ್ಚಿ ಸರಿದ ಸದ್ದಾಗುತ್ತದೆ. ಸಿಸ್ಟರ್ ಎದ್ದಾಗಿದೆ. ಔಷಧಿ ಕೋಣೆಗೆ ಹೋಗಿ, ಸ್ವಲ್ಪ ಹೊತ್ತಿಗೆ ಚೀಲ ಹಿಡಿದುಕೊಂಡು ಬಿರಬಿರನೆ ಬರುತ್ತಾರೆ. ಕಣ್ಣು ಪರದೆಯ ಮೇಲೆಯೇ. ಬಣ್ಣದಕ್ಕನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿ ಹಾದು, "ಸ್ವಲ್ಪ ಜಾಗ ಬಿಡಿ" ಎಂದಷ್ಟೇ ಹೇಳಿ, ಮುಖ ನೋಡದೆ ವಾರ್ಡಿನ ಒಳಗೆ ಹೋಗುತ್ತಾರೆ.

"ನಿನ್ನನ್ನ ನೋಡಲೇ ಇಲ್ವಲ್ಲೇ," ಎನ್ನುತ್ತಾರೆ ಗಂಡ, ಹೆಂಡತಿಯ ಪರವಾಗಿ ತಾವೇ ನೊಂದುಕೊಂಡು. "ಅಷ್ಟೆಲ್ಲ ಓಡಾಡಿದೀಯ, ಕರೆದು ಹೇಳೋಣ್ವಾ?"

ಬಣ್ಣದಕ್ಕ ಬೇಡವೆಂದು ತಲೆ ಅಲ್ಲಾಡಿಸುತ್ತಾರೆ. ಎಷ್ಟೋ ದಿನಗಳ ಮೇಲೆ ಮೊದಲ ಸಲ ಅವರು ಒಂದೇ ಕಡೆ ನಿಂತಿದ್ದಾರೆ.

"ನಾನು ಕಾಣೋದು ಬೇಡ ಕಣ್ರೀ," ಎನ್ನುತ್ತಾರೆ. "ಹಳದಿ ಕಾಣ್ತಲ್ಲ."